ಸಿಂಹಕ್ಕೂ ಎತ್ತಿಗೂ ಗೆಳೆತನ: ಗೋದಾವರಿ ತೀರದಿಂದ ಬೆಳ್ಳಿತೆರೆಗೆ

ಮುಂಬಯಿಯಿಂದ ಮನ್ಮಾಡಿನತ್ತ ಹೋಗುವ ರೈಲು ನಾಸಿಕ್ ರೋಡನ್ನು ದಾಟಿ, ನಿಫಾಡ ತಾಲೂಕಿನ ದ್ರಾಕ್ಷಿ ತೋಟಗಳನ್ನೂ ಕಬ್ಬಿನ ಗದ್ದೆಗಳನ್ನೂ ಹಿಂದೆ ಹಾಕಿ ಲಾಸಲಗಾಂವ್ ಎಂಬ ನಿಲ್ದಾಣಕ್ಕೆ ಬರುತ್ತದೆ. ಈರುಳ್ಳಿಯ ಬೆಲೆ ಏರಿದಾಗ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಬರುತ್ತದೆ. ಬೆಲೆ ಬಿದ್ದಾಗ ರೈತರ ಗೋಳಿನೊಡನೆ ಮತ್ತೊಮ್ಮೆ ಬರುತ್ತದೆ. ಮಿಕ್ಕ ದಿನಗಳಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. ಅಜಂತಾ ನೋಡಲೆಂದು ಜಳಗಾಂವಿಗೆ ಟಿಕೇಟು ತೆಗೆಸುವ ನಮ್ಮವರಾಗಲಿ, ಎಲ್ಲೋರಕ್ಕಾಗಿ ಮನ್ಮಾಡಿನಲ್ಲಿ ಗಾಡಿ ಬದಲಾಯಿಸುವವರಾಗಲಿ ಈ ನಿಲ್ದಾಣವನ್ನು ದಾಟಿಯೇ ಹೋಗಬೇಕು. ಆದರೆ ಕಿಟಕಿಯಿಂದ ಇಣುಕಿ ನೋಡಿ, ಈರುಳ್ಳಿಯ ಮೂಟೆಗಳನ್ನು ಕಂಡು, ಮತ್ತೆ ಪತ್ರಿಕೆಗೆ ಕಣ್ಣು ಹಾಯಿಸುವವರೇ ಹೆಚ್ಚು.

ಈ ಲಾಸಲಗಾಂವನ್ನು ನಡುವೆ ಇಟ್ಟುಕೊಂಡು ಸುತ್ತ ಒಂದು ದಿನದ ಬಸ್ಸಿನ ದಾರಿಯಷ್ಟು ದೂರ ನೋಡಿದರೆ, ಲೋಕದ ಮಕ್ಕಳೆಲ್ಲ ಇಂದು ಬೆಳ್ಳಿತೆರೆಯ ಮೇಲೆ ನೋಡಿ ನಲಿಯುವ ಒಂದು ಬಗೆಯ ಕಥೆಯ ತವರು ಮನೆ ಕಾಣುತ್ತದೆ. ಕಾಡಿನ ಎರಡು ಪ್ರಾಣಿಗಳ ಗೆಳೆತನದ ಕಥೆ ಅದು. ಆ ತವರಿನಲ್ಲಿ ಕನ್ನಡಕ್ಕೂ ಒಂದು ಪಾಲು ಇದೆ. ಆ ಪಾಲನ್ನು ನಾವು ಸಾಕಷ್ಟು ನೆನೆಯುತ್ತಿಲ್ಲವಾದ್ದರಿಂದ ಈ ನಾಲ್ಕು ಮಾತು.

ಇತ್ತೀಚಿನ ಒಂದು ಉದಾಹರಣೆಯಿಂದಲೇ ತೊಡಗೋಣ. 2005ರಲ್ಲಿ ಅಮೆರಿಕದಿಂದ ‘ಮಡಗಾಸ್ಕರ್’ ಎಂಬ ಎನಿಮೇಶನ್ ಚಿತ್ರ ಬಂತು. ಮನೆಮಂದಿಯೆಲ್ಲ ಕೂತು ನೋಡುವಂಥದು. ನ್ಯೂಯಾರ್ಕಿನ ಮೃಗಾಲಯದಲ್ಲಿ ಒಂದು ಸಿಂಹ, ಒಂದು ಜೀಬ್ರಾ. ಇವೆರಡೂ ಜೀವದ ಗೆಳೆಯರು. ಮೃಗಾಲಯದಲ್ಲಿ ಹೊತ್ತುಹೊತ್ತಿಗೆ ತಟ್ಟೆಯಲ್ಲಿ ಮಾಂಸ ಬರುತ್ತಿರುವ ತನಕ ಗೆಳೆತನಕ್ಕೆ ಯಾವ ಕುಂದೂ ಇಲ್ಲ. ಕಾಡಿಗೆ ಬಂದು ಬಿದ್ದ ಮೇಲೆ ಸಿಂಹಕ್ಕೆ ಹಸಿವೆಯಾಗುತ್ತದೆ. ಹಸಿದ ಸಿಂಹಕ್ಕೆ ಗೆಳೆಯನ ಮೈ ಮಾಂಸದ ತುಂಡಾಗಿ ಕಾಣತೊಡಗುತ್ತದೆ. ಕೊನೆಗೆ ಸಿಂಹಕ್ಕೆ ಮೀನು ತಿನ್ನಿಸಿ ಸಮಸ್ಯೆಯನ್ನು ಬಗೆಹರಿಸಿದ್ದಾರೆ. ಮೀನಿಗೆ ಗೆಳೆಯರು ಬೇಡವೆಂದು ಚಿತ್ರ ತೆಗೆದವರ ತೀರ್ಮಾನವಿರಬೇಕು! ಅದಿರಲಿ. ಮಾಂಸ ತಿನ್ನುವ ಪ್ರಾಣಿಗೂ ಹುಲ್ಲು ತಿನ್ನುವ ಪ್ರಾಣಿಗೂ ಸ್ನೇಹವಾದರೆ ಮುಂದೇನು ಎಂಬ ಈ ಪ್ರಶ್ನೆ ಹಾಲಿವುಡ್ಡಿನಲ್ಲಿ ಹುಟ್ಟಿದ್ದಲ್ಲ. ನಮ್ಮ ಪಂಚತಂತ್ರದ ಮೊದಲ ಕಥೆಯೇ ಅದು. ಅಲ್ಲಿ ಸಿಂಹ ಪಿಂಗಲಕ, ಎತ್ತು ಸಂಜೀವಕ.

ಗೋದಾವರಿ ಹುಟ್ಟುವುದು ತ್ರ್ಯಂಬಕದಲ್ಲಿ. ನಾಸಿಕವನ್ನು ಬಳಸಿ, ನಿಫಾಡ ತಾಲೂಕಿನ ನಾಂದೂರ್ ಮಧ್ಯಮೇಶ್ವರದ ಕಟ್ಟೆಯಲ್ಲಿ ಸ್ವಲ್ಪ ತಂಗಿ, ಅಲ್ಲಿಂದ ಮೂಡಣಕ್ಕೆ ಹರಿದು ಪೈಠಣವನ್ನು ಸೇರುತ್ತದೆ. ಈ ಪೈಠಣ ಇಂದು ಛತ್ರಪತಿ ಸಂಭಾಜಿನಗರವೆಂದು ಹೆಸರಾಗಿರುವ ಔರಂಗಾಬಾದ್ ಜಿಲ್ಲೆಗೆ ಸೇರಿದ್ದು. ಹಿಂದೆ ಸಾತವಾಹನರ ಪ್ರತಿಷ್ಠಾನ. ಅಲ್ಲಿನ ಆಸ್ಥಾನದಲ್ಲಿ ಗುಣಾಢ್ಯನೆಂಬ ಪಂಡಿತನಿದ್ದನೆಂದು ಕಾಶ್ಮೀರದ ಸೋಮದೇವ ತನ್ನ ಕಥಾಸರಿತ್ಸಾಗರದಲ್ಲಿ ಹೇಳುತ್ತಾನೆ. ಇದು ಐತಿಹ್ಯ, ಶಾಸನವಲ್ಲ. ಆದರೂ ಬಿಡದೆ ಹೇಳಬೇಕಾದ ಐತಿಹ್ಯ.

ಅರಸ ರಾಣಿಯರೊಡನೆ ಜಲಕ್ರೀಡೆಯಾಡುತ್ತಿದ್ದಾಗ ಒಬ್ಬ ರಾಣಿ ‘ನೀರೆರಚಬೇಡ’ ಎಂಬುದನ್ನು ಸಂಸ್ಕೃತದಲ್ಲಿ ಹೇಳಿದಳಂತೆ. ಸಂಧಿಯನ್ನು ಬಿಡಿಸಲರಿಯದ ಅರಸ ಅದನ್ನು ಮೋದಕವೆಂದು ತಿಳಿದು ಸಿಹಿತಿಂಡಿ ತರಿಸಿದ. ರಾಣಿ ನಕ್ಕಳು, ಅರಸ ಮುಖ ಮುಚ್ಚಿಕೊಂಡು ಕೂತ. ವ್ಯಾಕರಣ ಕಲಿಸಲು ಆರು ವರ್ಷ ಬೇಕೆಂದು ಗುಣಾಢ್ಯ ಹೇಳಿದರೆ, ಆರೇ ತಿಂಗಳು ಸಾಕೆಂದು ಶರ್ವವರ್ಮ ಹೇಳಿದ. ಹಾಗಾದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟೇಬಿಡುತ್ತೇನೆಂದು ಗುಣಾಢ್ಯ ಪಣತೊಟ್ಟು ಸೋತ. ಕಾಡು ಸೇರಿದ. ಅಲ್ಲಿ ಪಿಶಾಚಗಳ ಭಾಷೆಯಾದ ಪೈಶಾಚಿಯನ್ನು ಕಲಿತು, ಮಸಿ ಸಿಗದೆ ತನ್ನ ನೆತ್ತರಿನಲ್ಲಿಯೇ ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಬರೆದ. ಶಿಷ್ಯರ ಕೈಯಲ್ಲಿ ಅರಸನಿಗೆ ಕಳಿಸಿದರೆ, ಪಿಶಾಚ ಭಾಷೆ, ನೆತ್ತರಿನ ಬರಹ ಎಂದು ಅರಸ ಅದನ್ನು ತಿರಸ್ಕರಿಸಿದ.

ಮುಂದಿನದು ನಮಗೆ ಮುಖ್ಯ. ಗುಣಾಢ್ಯ ಗುಡ್ಡದ ಮೇಲೆ ಬೆಂಕಿ ಹೊತ್ತಿಸಿ, ಒಂದೊಂದು ಓಲೆಯನ್ನೂ ಗಟ್ಟಿಯಾಗಿ ಓದಿ, ಓದಿದ್ದನ್ನು ಬೆಂಕಿಗೆ ಹಾಕುತ್ತ ಕೂತ. ಕೇಳಲು ಮನುಷ್ಯರಾರೂ ಇಲ್ಲ. ಜಿಂಕೆ, ಹಂದಿ, ಕಾಡುಕೋಣ, ಹಕ್ಕಿಗಳೆಲ್ಲ ಬಂದು ಸುತ್ತ ನೆರೆದವು. ಮೇವು ಬಿಟ್ಟು, ಕಣ್ಣೀರು ಸುರಿಸುತ್ತ, ಅಲುಗದೆ ನಿಂತು ಕೇಳಿದವು. ಇತ್ತ ಅರಮನೆಯಲ್ಲಿ ಅರಸನಿಗೆ ಕಾಯಿಲೆ. ಸಪ್ಪೆಯಾದ ಒಣ ಮಾಂಸವನ್ನು ತಿಂದದ್ದೇ ಕಾರಣವೆಂದರು ವೈದ್ಯರು. ಅಡಿಗೆಯವರನ್ನು ಕೇಳಿದರೆ ಬೇಡರ ಮೇಲೆ ಹೇಳಿದರು. ಬೇಡರು, ಕಾಡಿನ ಮೃಗಗಳು ಮೇಯುವುದನ್ನೇ ಬಿಟ್ಟು ಯಾರೋ ಕಥೆ ಓದುವುದನ್ನು ಕೇಳುತ್ತಿವೆ ಎಂದರು. ಅರಸ ಓಡಿ ಬರುವಷ್ಟರಲ್ಲಿ ಆರು ಲಕ್ಷ ಶ್ಲೋಕ ಬೂದಿಯಾಗಿತ್ತು. ಉಳಿದದ್ದು ಒಂದು ಲಕ್ಷ.

ಪ್ರಾಣಿಗಳ ಕಥೆಯನ್ನು ಮನುಷ್ಯರಿಗೆ ಹೇಳಿದವರು ಬಹಳ ಮಂದಿ. ಪ್ರಾಣಿಗಳಿಗೇ ಕಥೆ ಹೇಳಿ, ಅವುಗಳಿಂದಲೇ ಮೊದಲ ಮನ್ನಣೆ ಪಡೆದ ಕವಿ ಈ ಗೋದಾವರಿ ತೀರದವನೊಬ್ಬನೇ ಇರಬೇಕು. ಬೃಹತ್ಕಥೆಯ ಮೂಲ ಪೈಶಾಚಿ ಗ್ರಂಥ ಇಂದು ಒಂದು ಓಲೆಯೂ ಸಿಗದಂತೆ ನಷ್ಟವಾಗಿದೆ. ಆ ಮಟ್ಟಿಗೆ ಐತಿಹ್ಯದ ಬೆಂಕಿ ನಿಜವೇ ಆಯಿತು.

ಈ ಕಥೆಗಳು ದಕ್ಷಿಣಕ್ಕೆ ಬಹಳ ಬೇಗ ಬಂದವು. ತಲಕಾಡಿನ ಗಂಗರ ಅರಸನಾದ ದುರ್ವಿನೀತ ಸುಮಾರು ಆರನೆಯ ಶತಮಾನದಲ್ಲಿಯೇ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ತಾಮ್ರಶಾಸನ ಹೇಳುತ್ತದೆ. ಕವಿರಾಜಮಾರ್ಗ ಕನ್ನಡದ ಗದ್ಯಕಾರರನ್ನು ಎಣಿಸುವಾಗ ಹೇಳುವ ದುರ್ವಿನೀತನೂ ಈತನೇ ಎಂದು ಹಲವರ ಮತ. ಆ ಸಂಸ್ಕೃತ ಬೃಹತ್ಕಥೆಯೂ ಉಳಿದಿಲ್ಲ. ಬಳಿಕ ವಸುಭಾಗನೆಂಬವನು ಬೃಹತ್ಕಥೆಯೊಳಗಿನಿಂದ ಐದು ಕಥೆಗಳನ್ನು ಆರಿಸಿ ಸಂಸ್ಕೃತದಲ್ಲಿ ಪಂಚತಂತ್ರವನ್ನಾಗಿ ಮಾಡಿದ. ಅದೂ ಉಳಿದಿಲ್ಲ. ಹೀಗೆ ನಷ್ಟವಾದುದರ ಮೇಲೆ ನಷ್ಟವಾದುದನ್ನು ಪೇರಿಸಿಕೊಂಡು ಬರುವಾಗ ಕೊನೆಗೆ ಕೈಗೆ ಸಿಗುವ ಗಟ್ಟಿಯಾದ ವಸ್ತು ಒಂದು ಕನ್ನಡ ಪುಸ್ತಕ: ದುರ್ಗಸಿಂಹನ ಪಂಚತಂತ್ರ. ಕಾಲ ಸುಮಾರು ಕ್ರಿ.ಶ. 1031.

ನಮ್ಮ ಶಾಲೆಗಳಲ್ಲಿ ಕಲಿಸುವ ಪಂಚತಂತ್ರ ವಿಷ್ಣುಶರ್ಮನದು. ಮೂವರು ದಡ್ಡ ರಾಜಕುಮಾರರು, ಆರು ತಿಂಗಳಲ್ಲಿ ಅವರನ್ನು ಜಾಣರನ್ನಾಗಿ ಮಾಡುವ ಮುದುಕ ಬ್ರಾಹ್ಮಣ. ದುರ್ಗಸಿಂಹ ಹಿಡಿದದ್ದು ಬೇರೆ ದಾರಿ, ವಸುಭಾಗನ ದಾರಿ. ಅವನ ಐದು ತಂತ್ರಗಳ ಹೆಸರೂ ಬೇರೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಇದೇ ವಸುಭಾಗ ಸಂಪ್ರದಾಯದ ಇನ್ನೊಂದು ಕವಲು ಸಮುದ್ರ ದಾಟಿ ಜಾವಾ ದ್ವೀಪದಲ್ಲಿ ‘ತಂತ್ರಿ ಕಾಮಂದಕ’ ಎಂಬ ಹೆಸರಿನಿಂದ ಉಳಿದಿದೆ. ಅಲ್ಲಿ ಕಥೆ ಹೇಳುವವಳು ತಂತ್ರಿ ಎಂಬ ಜಾಣೆ. ಜಾವಾದ ಓಲೆಗೂ ಕನ್ನಡದ ಓಲೆಗೂ ಇರುವ ಈ ನಂಟಿನ ಮೇಲೆ ಮೈಸೂರಿನ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ಬಹಳ ದುಡಿದರು. ಪಂಚತಂತ್ರದ ಮೂಲವನ್ನು ಹುಡುಕಿದ ಹರ್ಟೆಲ್, ಎಡ್ಗರ್ಟನ್ ಮೊದಲಾದವರ ಹೆಸರು ಬಲ್ಲ ನಮ್ಮ ವಿದ್ಯಾವಂತರು ವೆಂಕಟಸುಬ್ಬಯ್ಯನವರ ಹೆಸರನ್ನು ಬಲ್ಲರೇ ಎಂಬುದು ಸಂಶಯ.

ದುರ್ಗಸಿಂಹ ಯಾರು? ಕಿಸುಕಾಡು ನಾಡಿನ ಸಯ್ಯಡಿಯವನು. ಈಗ ಗದಗ ಜಿಲ್ಲೆಯ ರೋಣ ತಾಲೂಕಿನ ಸವಡಿ ಎಂದು ಅದನ್ನು ಗುರುತಿಸುತ್ತಾರೆ. 1015ರಿಂದ 1042ರ ತನಕ ಆಳಿದ ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿ. ಈ ಹುದ್ದೆಯ ಹೆಸರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಧಿಯೆಂದರೆ ಕೂಡಿಸುವುದು, ವಿಗ್ರಹವೆಂದರೆ ಬೇರ್ಪಡಿಸುವುದು, ಕಾದುವುದು. ಯಾವ ಅರಸನೊಡನೆ ಸ್ನೇಹ, ಯಾವನೊಡನೆ ಯುದ್ಧ ಎಂದು ಓಲೆ ಬರೆಯುವುದೇ ಅವನ ದಿನದ ಕೆಲಸ. ತೆಂಕಣದಲ್ಲಿ ಚೋಳ ರಾಜೇಂದ್ರ, ಬಡಗಣದಲ್ಲಿ ಧಾರೆಯ ಭೋಜ. ನಡುವೆ ಕೂತು ಗೆಳೆತನಗಳನ್ನು ಕಟ್ಟಿ, ಗೆಳೆತನಗಳನ್ನು ಒಡೆದ ಒಬ್ಬ ಅಧಿಕಾರಿ ಸಿಂಹಕ್ಕೂ ಎತ್ತಿಗೂ ಆದ ಸ್ನೇಹವನ್ನು ನರಿಯೊಂದು ಮುರಿದ ಕಥೆಯನ್ನು ಕನ್ನಡಿಸಿದ. ಮಕ್ಕಳಿಗೆಂದು ಬರೆದದ್ದೆಂದು ನಮಗೆ ತೋರುವುದಿಲ್ಲ. ಬಲ್ಲವನ ಬರವಣಿಗೆ ಅದು.

ಲಾಸಲಗಾಂವಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆಗ ಈ ಪ್ರದೇಶಕ್ಕೆ ಸೇವುಣ ದೇಶವೆಂದು ಹೆಸರು. ಸೇವುಣ ಯಾದವರ ಮೊದಲ ರಾಜಧಾನಿಯಾದ ಚಂದ್ರಾದಿತ್ಯಪುರವೆಂದರೆ ಲಾಸಲಗಾಂವಿಗೆ ಹತ್ತಿರವೇ ಇರುವ ಇಂದಿನ ಚಾಂದವಡ ಎಂದೂ, ಬಳಿಕಿನದು ಸಿನ್ನರ ಎಂದೂ ಇತಿಹಾಸಕಾರರು ಗುರುತಿಸುತ್ತಾರೆ. ದುರ್ಗಸಿಂಹನ ಕಾಲದಲ್ಲಿ ಇಲ್ಲಿ ಆಳುತ್ತಿದ್ದವನು ಮೂರನೆಯ ಭಿಲ್ಲಮ. 1025ರ ಕಳಸ ಬುದ್ರುಕ್ ತಾಮ್ರಪಟ ಅವನದು. ಆತ ಜಯಸಿಂಹನ ಸಾಮಂತ ಮಾತ್ರವಲ್ಲ, ಅಳಿಯ ಕೂಡ. ಎಂದರೆ, ದುರ್ಗಸಿಂಹ ಯಾರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದನೋ ಆ ದೊರೆಯ ಮಗಳು ಈ ಸೀಮೆಗೆ ಸೊಸೆಯಾಗಿ ಬಂದಿದ್ದಳು. ಮುಂದೆ ದೇವಗಿರಿಯಿಂದ ಸ್ವತಂತ್ರರಾಗಿ ಆಳಿದ ಈ ಯಾದವರ ಶಾಸನಗಳಲ್ಲಿ ಹೆಚ್ಚಿನ ಪಾಲು ಕನ್ನಡದವೇ. ಕಾವೇರಿಯಿಂದ ಗೋದಾವರಿಯ ತನಕ ಕನ್ನಡ ನಾಡೆಂದು ಕವಿರಾಜಮಾರ್ಗ ಹೇಳಿದ್ದನ್ನು ಎತ್ತಿಕೊಂಡು ಇಂದು ಗಡಿಯ ಜಗಳಕ್ಕೆ ಇಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಮರಾಠಿಯೂ ಕನ್ನಡವೂ ಒಂದೇ ಹಟ್ಟಿಯಲ್ಲಿ ಆಡಿ ಬೆಳೆದವೆಂಬುದಕ್ಕೆ ಇದು ಸಾಕ್ಷಿ, ಅಷ್ಟೆ.

ಇನ್ನು ಕಥೆ. ಎಲ್ಲರೂ ಬಲ್ಲ ಪಂಚತಂತ್ರದಲ್ಲಿ ಅದು ಹೀಗಿದೆ. ವ್ಯಾಪಾರಿಯೊಬ್ಬನ ಬಂಡಿಯ ಎತ್ತು ಸಂಜೀವಕ ಕೆಸರಿನಲ್ಲಿ ಕುಸಿದು ಬೀಳುತ್ತದೆ. ವ್ಯಾಪಾರಿ ಅದನ್ನು ಬಿಟ್ಟು ಹೋಗುತ್ತಾನೆ. ಹೊಳೆಯ ದಂಡೆಯ ಹಸಿ ಹುಲ್ಲು ತಿಂದು ಎತ್ತು ಚೇತರಿಸಿಕೊಂಡು, ಕೊಬ್ಬಿ, ಕಾಡೆಲ್ಲ ಮೊಳಗುವಂತೆ ಗುಟುರು ಹಾಕುತ್ತದೆ. ಅಂಥ ದನಿಯನ್ನು ಹಿಂದೆಂದೂ ಕೇಳದ ಸಿಂಹ ನೀರು ಕುಡಿಯಲು ಬಂದದ್ದು ಕುಡಿಯದೆ ಹಿಂದಿರುಗುತ್ತದೆ. ಕಾಡಿನ ಅರಸನಿಗೆ ಹೆದರಿಕೆ! ಇದನ್ನು ಕಂಡ ದಮನಕನೆಂಬ ನರಿ ಎರಡನ್ನೂ ಭೇಟಿ ಮಾಡಿಸುತ್ತಾನೆ. ಭೇಟಿ ಸ್ನೇಹವಾಗುತ್ತದೆ. ಸ್ನೇಹ ಎಷ್ಟಾಯಿತೆಂದರೆ ಸಿಂಹ ಬೇಟೆಯನ್ನೇ ಮರೆತ. ಹಗಲಿರುಳೂ ಎತ್ತಿನೊಡನೆ ಮಾತು. ಸಿಂಹ ಬೇಟೆಯಾಡದಿದ್ದರೆ ಎಂಜಲು ತಿಂದು ಬದುಕುವ ನರಿಗಳ ಗತಿಯೇನು? ಅವು ಉಪವಾಸ ಬಿದ್ದವು. ಹಸಿವೆ ಇಲ್ಲಿಯೂ ಇದೆ, ನೋಡಿ; ಆದರೆ ಅದು ಸಿಂಹದ ಹಸಿವೆಯಲ್ಲ, ಸುತ್ತ ಇರುವವರ ಹಸಿವೆ. ‘ಮಡಗಾಸ್ಕರ್’ ಚಿತ್ರಕ್ಕಿಂತ ನಮ್ಮ ಹಿರಿಯರು ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆಂದೇ ಹೇಳಬೇಕು. ಇಬ್ಬರ ಸ್ನೇಹವನ್ನು ಮುರಿಯುವುದು ಆ ಇಬ್ಬರ ಸ್ವಭಾವವಲ್ಲ. ಆ ಸ್ನೇಹದಿಂದ ಹೊಟ್ಟೆಗೆ ಹೊಡೆತ ಬಿದ್ದ ಮೂರನೆಯವನು.

ದಮನಕ ಮಾಡಿದ ಉಪಾಯ ಬಹಳ ಸರಳ. ಸಿಂಹಕ್ಕೆ ಹೇಳಿದ: ‘ಎತ್ತು ನಿಮ್ಮನ್ನು ಕೊಲ್ಲಲು ನೋಡುತ್ತಿದೆ. ಕೊಂಬು ತಗ್ಗಿಸಿಕೊಂಡು ಬಂದರೆ ನನ್ನ ಮಾತು ನಿಜವೆಂದು ತಿಳಿಯಿರಿ.’ ಎತ್ತಿಗೆ ಹೇಳಿದ: ‘ಸಿಂಹ ನಿನ್ನನ್ನು ತಿನ್ನಲು ನಿಶ್ಚಯಿಸಿದೆ. ಕಿವಿ ನಿಮಿರಿಸಿ, ಬಾಲ ಎತ್ತಿ, ಕಣ್ಣು ಕೆಂಪಗೆ ಮಾಡಿ ಕೂತಿದ್ದರೆ ತಿಳಿದುಕೋ.’ ಭಯಗೊಂಡ ಎತ್ತು ಸಹಜವಾಗಿ ಕೊಂಬು ತಗ್ಗಿಸಿತು. ಅದನ್ನು ಕಂಡ ಸಿಂಹ ಸಹಜವಾಗಿ ಕಿವಿ ನಿಮಿರಿಸಿತು. ಪ್ರತಿಯೊಬ್ಬನೂ ತನಗೆ ಮೊದಲೇ ಹೇಳಿಕೊಟ್ಟದ್ದನ್ನೇ ಇನ್ನೊಬ್ಬನಲ್ಲಿ ಕಂಡ. ಎತ್ತು ಸತ್ತಿತು. ಚಾಡಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟ ಇನ್ನೊಂದು ಕಥೆ ನಮಗೆ ಗೊತ್ತಿಲ್ಲ. ನಗರದ ಕಚೇರಿಗಳಲ್ಲಿ ನೌಕರಿ ಮಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಘ ಸಂಸ್ಥೆಗಳಲ್ಲಿ ದುಡಿದವರಿಗಂತೂ ಬೇಡವೇ ಬೇಡ.

ಈ ಕೊನೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ವಿಷ್ಣುಶರ್ಮನ ಪುಸ್ತಕದಲ್ಲಿ ಸಿಂಹ ಸ್ವಲ್ಪ ಅಳುತ್ತದೆ, ದಮನಕ ಸಮಾಧಾನ ಹೇಳುತ್ತಾನೆ, ಮಂತ್ರಿಯಾಗಿ ಸುಖವಾಗಿರುತ್ತಾನೆ. ಆರನೆಯ ಶತಮಾನದಲ್ಲಿ ಪಾರಸಿಕದ ದೊರೆ ಖುಸ್ರೋ ಅನುಶೀರ್ವಾನನ ವೈದ್ಯ ಬುರ್ಜೋಯ್ ಇದನ್ನು ಪಹ್ಲವಿ ಭಾಷೆಗೆ ತಂದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಂದಾಗ, ಹೀಗೆ ತಪ್ಪಿತಸ್ಥ ಗೆದ್ದು ಬಿಡುವುದನ್ನು ಸಹಿಸಲಾಗಲಿಲ್ಲವೆಂದು ತೋರುತ್ತದೆ. ಅದರಲ್ಲಿ ಒಂದು ಹೊಸ ಅಧ್ಯಾಯವೇ ಬಂತು. ನರಿಯ ಮೇಲೆ ವಿಚಾರಣೆ ನಡೆದು ಶಿಕ್ಷೆಯಾಗುತ್ತದೆ. ಆದರೂ ಪುಸ್ತಕದ ಹೆಸರು ಮಾತ್ರ ‘ಕಲೀಲಾ ವ ದಿಮ್ನಾ’, ಎಂದರೆ ಕರಟಕ ಮತ್ತು ದಮನಕ. ಗೆಳೆಯರ ಹೆಸರು ಹೋಗಿ, ಗೆಳೆತನ ಮುರಿಯ ಹೊರಟ ನರಿಗಳ ಹೆಸರು ಲೋಕಪ್ರಸಿದ್ಧವಾಯಿತು!

ಬೌದ್ಧರು ಇನ್ನೊಂದು ದಾರಿ ಹಿಡಿದರು. ಪಾಲಿ ಜಾತಕಗಳ 547 ಕಥೆಗಳಲ್ಲಿ 349ನೆಯದು ಸಂಧಿಭೇದ ಜಾತಕ. ಅದರಲ್ಲಿ ಸಿಂಹವೂ ಎತ್ತೂ ನರಿಯ ಮಾತು ಕೇಳಿ ಒಂದನ್ನೊಂದು ಕೊಂದುಕೊಳ್ಳುತ್ತವೆ. ಆದರೆ ಸ್ವಲ್ಪವೇ ಮುಂದೆ, 361ನೆಯದಾದ ವಣ್ಣಾರೋಹ ಜಾತಕದಲ್ಲಿ ಸುದಾಠನೆಂಬ ಸಿಂಹವೂ ಸುಬಾಹುವೆಂಬ ಹುಲಿಯೂ ಒಂದೇ ಕಾಡಿನ ಗೆಳೆಯರು. ಅವುಗಳ ಎಂಜಲು ತಿಂದು ಬೆಳೆದ ನರಿಗೆ ಒಂದು ದಿನ ಹೊಸ ಆಸೆ: ಸಿಂಹದ ಮಾಂಸವನ್ನೂ ಹುಲಿಯ ಮಾಂಸವನ್ನೂ ಇದುವರೆಗೆ ತಿಂದಿಲ್ಲವಲ್ಲ! ಎರಡರ ನಡುವೆಯೂ ಚಾಡಿ ಹೇಳುತ್ತದೆ. ಇಲ್ಲಿ ಆಗುವುದೇ ಬೇರೆ. ಹುಲಿ ನೇರವಾಗಿ ಸಿಂಹದ ಬಳಿಗೆ ಹೋಗಿ, ‘ನನ್ನ ಬಗ್ಗೆ ಹೀಗೆ ಹೇಳಿದೆಯಂತೆ, ಹೌದೇ?’ ಎಂದು ಕೇಳಿಬಿಡುತ್ತದೆ. ಸಿಂಹ ಉತ್ತರ ಹೇಳುತ್ತದೆ. ನರಿ ಓಡಿ ಹೋಗುತ್ತದೆ. ಗೆಳೆಯರಿಬ್ಬರೂ ಅಲ್ಲಿಯೇ ಇರುತ್ತಾರೆ.

ಎರಡು ಕಥೆಗಳಿಗೂ ಬೀಜ ಒಂದೇ. ಕೇಳಿದರೋ ಕೇಳಲಿಲ್ಲವೋ ಎಂಬಷ್ಟೇ ವ್ಯತ್ಯಾಸ. ನಮ್ಮ ಮಕ್ಕಳ ಪಂಚತಂತ್ರ ಪುಸ್ತಕಗಳು ಈ ಎರಡೂ ಕೊನೆಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿದರೆ, ಕೆಳಗೆ ದಪ್ಪಕ್ಷರದಲ್ಲಿ ನೀತಿ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಜಾತಕಗಳ ಮಾತು ಬಂತೆಂದರೆ ಅಜಂತಾಕ್ಕೆ ಹೋಗಲೇಬೇಕು. ಅದೂ ಸಂಭಾಜಿನಗರ ಜಿಲ್ಲೆಯದೇ. 1819ರಲ್ಲಿ ಮದರಾಸು ಸೈನ್ಯದ ಜಾನ್ ಸ್ಮಿತ್ ಎಂಬ ಅಧಿಕಾರಿ ಹುಲಿಬೇಟೆಗೆ ಹೋಗಿ ಈ ಗುಹೆಗಳನ್ನು ಕಂಡನೆಂಬುದು ಎಲ್ಲ ಮಾರ್ಗದರ್ಶಿಗಳೂ ಹೇಳುವ ಕಥೆ. ಹತ್ತನೆಯ ಗುಹೆಯಲ್ಲಿ ಆತ ತನ್ನ ಹೆಸರು ಕೆತ್ತಿ ಹೋಗಿರುವುದು ಮಾತ್ರ ಕಥೆಯಲ್ಲ. ಹುಲಿಯನ್ನು ಕೊಲ್ಲಲು ಹೋದವನಿಗೆ ಜಿಂಕೆಗಾಗಿ ಪ್ರಾಣ ಕೊಡುವ ಕಥೆಗಳ ಗೋಡೆ ಸಿಕ್ಕಿತು. ಹದಿನೇಳನೆಯ ಗುಹೆಯಂತೂ ಮೃಗಗಳ ಕಥೆಗಳ ಭಂಡಾರ: ಆರು ದಂತದ ಆನೆ, ತಾಯಿಯನ್ನು ಸಾಕುವ ಆನೆ, ಹಂಸ, ಕಪಿ, ಕೋಣ, ರುರು ಮೃಗ, ಶರಭ ಮೃಗ. ಐದನೆಯ ಶತಮಾನದ ಕೊನೆಯ ಭಾಗದಲ್ಲಿ, ವಾಕಾಟಕ ಹರಿಷೇಣನ ಕಾಲದಲ್ಲಿ ಬರೆದದ್ದು. ಆ ಚಿತ್ರಗಳಲ್ಲಿ ನ್ಯಗ್ರೋಧಮೃಗ ಜಾತಕವೂ ಒಂದು.

ಅದು ಎರಡು ಜಿಂಕೆಗಳ ಕಥೆ. ವಾರಾಣಸಿಯ ಅರಸನ ವನದಲ್ಲಿ ಎರಡು ಹಿಂಡು; ಒಂದಕ್ಕೆ ನ್ಯಗ್ರೋಧ ಒಡೆಯ, ಇನ್ನೊಂದಕ್ಕೆ ಶಾಖ. ದಿನವೂ ಬೇಟೆಯಲ್ಲಿ ಗಾಯಗೊಂಡು ಹತ್ತಾರು ಸಾಯುವುದಕ್ಕಿಂತ, ಸರದಿಯ ಮೇಲೆ ಒಂದು ದಿನ ಈ ಹಿಂಡಿನಿಂದ, ಒಂದು ದಿನ ಆ ಹಿಂಡಿನಿಂದ ಒಂದೊಂದು ಜಿಂಕೆ ತಾನಾಗಿಯೇ ಹೋಗಿ ಕತ್ತು ಒಡ್ಡುವುದೆಂದು ಒಪ್ಪಂದವಾಗುತ್ತದೆ. ಒಂದು ದಿನ ಶಾಖನ ಹಿಂಡಿನ ಬಸುರಿ ಜಿಂಕೆಯ ಸರದಿ. ಹೆತ್ತ ಮೇಲೆ ಹೋಗುತ್ತೇನೆಂದು ಬೇಡಿದರೆ ಶಾಖ ಒಪ್ಪುವುದಿಲ್ಲ. ಅವಳು ನ್ಯಗ್ರೋಧನ ಬಳಿಗೆ ಬರುತ್ತಾಳೆ. ನಿನ್ನ ಬದಲಿಗೆ ಇನ್ನೊಂದನ್ನು ಕಳಿಸೆಂದು ಹೇಳುವ ಅಧಿಕಾರ ಅವನಿಗಿಲ್ಲ. ತಾನೇ ಹೋಗಿ ಕೊರಡಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಅಡಿಗೆಯವನು ಕತ್ತಿ ಎತ್ತದೆ ಅರಸನ ಬಳಿಗೆ ಓಡುತ್ತಾನೆ. ಅರಸ ಅವನಿಗೆ ಅಭಯ ಕೊಟ್ಟರೆ, ಉಳಿದ ಜಿಂಕೆಗಳ ಗತಿಯೇನೆಂದು ಕೇಳುತ್ತಾನೆ. ಅವಕ್ಕೂ ಕೊಟ್ಟರೆ ಬೇರೆ ಮೃಗಗಳು? ಹಕ್ಕಿಗಳು? ಕೊನೆಗೆ ನೀರಿನ ಮೀನುಗಳು? ಮೀನಿನ ವಿಚಾರದಲ್ಲಿ ಜಾತಕಕಾರ ಅಮೆರಿಕದವರಿಗಿಂತ ಉದಾರಿ.

ಈ ಕಥೆಯೇ ಚಿತ್ರವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಸರಕಾರ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಜನ್ ಸ್ಥಾಪಿಸಿತು. ಸಿನೆಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ ಕಿರುಚಿತ್ರಗಳು ಹಿರಿಯ ಓದುಗರ ನೆನಪಿನಲ್ಲಿ ಇದ್ದೇ ಇವೆ. ಅವು ಮುಗಿದ ಮೇಲೆಯೇ ಒಳಗೆ ಹೋಗೋಣವೆಂದು ಹೊರಗೆ ಚಹಾ ಕುಡಿಯುತ್ತ ನಿಂತವರೂ ನಮ್ಮಲ್ಲಿ ಇದ್ದಾರೆ. 1956ರಲ್ಲಿ ಅಲ್ಲಿ ಕಾರ್ಟೂನ್ ವಿಭಾಗ ತೆರೆದಾಗ, ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಂತೆ ಡಿಸ್ನಿ ಸಂಸ್ಥೆಯ ಕ್ಲೇರ್ ವೀಕ್ಸ್ ತರಬೇತಿ ಕೊಡಲು ಬಂದರು. ಭಾರತದಲ್ಲಿಯೇ ಹುಟ್ಟಿದ ಪಾದ್ರಿ ಮನೆತನದ ಮಗ. 1942ರ ‘ಬಾಂಬಿ’ ಚಿತ್ರಕ್ಕೆ ಕೆಲಸ ಮಾಡಿದವರು. ಬಾಂಬಿಯೂ ಒಂದು ಜಿಂಕೆಮರಿ. ಮೊಲವೇ ಅದರ ಗೆಳೆಯ. ಇಲ್ಲಿ ಜಿ. ಕೆ. ಗೋಖಲೆ, ಆಗಿನ್ನೂ ತರುಣರಾಗಿದ್ದ ರಾಮಮೋಹನ್ ಮೊದಲಾದವರ ತಂಡ ಸೇರಿ 1957ರಲ್ಲಿ ‘ದಿ ಬನಿಯನ್ ಡಿಯರ್’ ಎಂಬ ಚಿತ್ರವನ್ನು ಹೊರತಂದಿತು. ಎಂದರೆ ಆಲದ ಜಿಂಕೆ, ನ್ಯಗ್ರೋಧಮೃಗ. ಡಿಸ್ನಿಯ ಕೈಚಳಕವನ್ನು ಕಲಿತು, ರೇಖೆಯನ್ನು ಮಾತ್ರ ಅಜಂತಾದ ಗೋಡೆಯಿಂದ ತಂದರು. ಬಾಂಬಿಯ ಜಿಂಕೆಗೆ ಮಗುವಿನ ಮುಖವಿದ್ದರೆ ಅಜಂತಾದ ಜಿಂಕೆಗೆ ಉದ್ದ ಕಣ್ಣು, ಬಳ್ಳಿಯಂತೆ ಬಾಗುವ ಕತ್ತು. ಕಣ್ಣೊಳಗೆ ನೀರು ತುಂಬಿಸಿ ಪ್ರೇಕ್ಷಕನನ್ನು ಅಳಿಸುವ ಡಿಸ್ನಿಯ ವಿದ್ಯೆಯಿಲ್ಲದೆಯೇ ಆ ಕತ್ತಿನ ಬಾಗು ತನ್ನ ಕೆಲಸ ಮಾಡುತ್ತದೆ.

ಕಾಲದ ಒಂದು ಚಮತ್ಕಾರವನ್ನು ಇಲ್ಲಿ ಹೇಳದೆ ಇರಲಾಗದು. 1956ರ ನವೆಂಬರ್ 1ರ ತನಕ ಅಜಂತಾವೂ ನಮ್ಮ ಕಲಬುರಗಿ, ಬೀದರ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ದಿನ ಔರಂಗಾಬಾದ್ ಮುಂಬಯಿ ರಾಜ್ಯಕ್ಕೂ ಕಲಬುರಗಿ ಮೈಸೂರು ರಾಜ್ಯಕ್ಕೂ ಹೋದವು. ಅಜಂತಾ ಮುಂಬಯಿಗೆ ಸೇರಿದ ಮರುವರ್ಷವೇ ಅದರ ಜಿಂಕೆಯೂ ಮುಂಬಯಿಯ ಚಿತ್ರದಲ್ಲಿ ನಡೆದಾಡಿತು.

ಒಂದೊಂದು ಚಿತ್ರವಾಗಿ ತೆಗೆದು ಜೋಡಿಸಿದರೆ ಜಡವೂ ಚಲಿಸುವುದೆಂಬ ಈ ವಿದ್ಯೆಗೆ ನಮ್ಮ ದೇಶದಲ್ಲಿ ಮೊದಲು ಕೈಹಾಕಿದವರು ಯಾರೆಂದು ನೋಡಿದರೆ ಮತ್ತೆ ಗೋದಾವರಿಯ ಮೂಲಕ್ಕೇ ಬರುತ್ತೇವೆ. ದಾದಾಸಾಹೇಬ್ ಫಾಲ್ಕೆಯವರು 1870ರಲ್ಲಿ ಹುಟ್ಟಿದ್ದು ತ್ರ್ಯಂಬಕದಲ್ಲಿ. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮೊದಲೇ ಬಟಾಣಿ ಬೀಜ ಮೊಳೆತು ಬಳ್ಳಿಯಾಗುವುದನ್ನು ಒಂದೊಂದೇ ಚಿತ್ರವಾಗಿ ತೆಗೆದು ತೋರಿಸಿದ್ದರು, ಬಳಿಕ ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ಚಿಕ್ಕ ಚಿತ್ರ ಮಾಡಿದರು. ಕಂಪನಿ ಕಟ್ಟಿದ್ದು ನಾಸಿಕದಲ್ಲಿ. 1944ರಲ್ಲಿ ತೀರಿಕೊಂಡದ್ದೂ ನಾಸಿಕದಲ್ಲಿಯೇ.

ಫಿಲ್ಮ್ಸ್ ಡಿವಿಜನ್ನಿನಿಂದಲೇ 1974ರಲ್ಲಿ ವಿಜಯಾ ಮುಳೆಯವರ ‘ಏಕ್ ಅನೇಕ್ ಔರ್ ಏಕ್ತಾ’ ಬಂತು. ದೂರದರ್ಶನದ ಕಾಲದಲ್ಲಿ ಬೆಳೆದ ಯಾವ ಮನೆಯೂ ಅದನ್ನು ಮರೆತಿರಲಾರದು. ಬಲೆಗೆ ಬಿದ್ದ ಹಕ್ಕಿಗಳು ಬಲೆಯೊಡನೆಯೇ ಹಾರಿ ಹೋಗುತ್ತವೆ; ಗೆಳೆಯರಾದ ಇಲಿಗಳು ಬಲೆಯನ್ನು ಕಡಿಯುತ್ತವೆ. ಇದು ಪಂಚತಂತ್ರದ ಎರಡನೆಯ ತಂತ್ರದ ಮೊದಲ ಕಥೆ. ಹಾಡನ್ನು ಗುನುಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ದುರ್ಗಸಿಂಹನ ಬಳಿಕ ಒಂದು ತಲೆಮಾರಿನೊಳಗೆ, ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ತ್ರಿಪುರಾಂತಕ ದೇವಾಲಯದಲ್ಲಿ ಪಂಚತಂತ್ರದ ಕಥೆಗಳನ್ನು ಸಾಲಾಗಿ ಕಲ್ಲಿನಲ್ಲಿ ಕಡೆದಿದ್ದಾರೆ. ಓದು ಬಾರದವನೂ ನಡೆಯುತ್ತ ನಡೆಯುತ್ತ ನೋಡುವ ಹಾಗೆ ಅವು ಇವೆ. ಆ ಕಾಲಕ್ಕೆ ಅದೇ ಚಲನಚಿತ್ರ. ವ್ಯತ್ಯಾಸವೆಂದರೆ ಅಲ್ಲಿ ಚಿತ್ರ ನಿಂತಿರುತ್ತದೆ, ನೋಡುವವನು ಚಲಿಸುತ್ತಾನೆ.

ಇನ್ನು ನಿಜವಾದ ಕಾಡಿನಲ್ಲಿ ಇಂಥ ಗೆಳೆತನ ಉಂಟೇ ಎಂದು ಕೇಳುವವರಿದ್ದಾರೆ. ನಿಫಾಡ, ಸಿನ್ನರ ಸೀಮೆಯ ಕಬ್ಬಿನ ಗದ್ದೆಗಳು ಇಂದು ಚಿರತೆಗಳ ಮನೆ. 2021ರ ಸೆಪ್ಟೆಂಬರಿನಲ್ಲಿ ನಾಸಿಕ್ ಜಿಲ್ಲೆಯ ಒಂದು ಬಾವಿಗೆ ಬೆಕ್ಕನ್ನು ಬೆನ್ನಟ್ಟಿದ ಚಿರತೆ ಬೆಕ್ಕಿನೊಡನೆಯೇ ಬಿತ್ತು. ಎರಡೂ ಎದುರುಬದುರು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಅದೇ ವರ್ಷದ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಬಿಳಿನೆಲೆಯಲ್ಲಿ ಒಂದು ಮನೆಯ ಶೌಚಾಲಯದೊಳಗೆ ನಾಯಿಯೂ ಅದನ್ನು ಅಟ್ಟಿಸಿಕೊಂಡು ಬಂದ ಚಿರತೆಯೂ ಗಂಟೆಗಟ್ಟಲೆ ಸಿಕ್ಕಿಬಿದ್ದಿದ್ದವು. ನಾಯಿ ಬದುಕಿ ಹೊರಬಂತು. ಅವನ್ನು ಗೆಳೆಯರೆಂದು ಬಣ್ಣಿಸಿದವರು ಬಹಳ. ಅದು ಗೆಳೆತನವಲ್ಲ, ಸಿಕ್ಕಿಬಿದ್ದ ಎರಡು ಜೀವಗಳ ಭಯ. ಆ ಚಿರತೆಗೂ ಹಸಿವೆಯಿತ್ತು. ಆದರೆ ಭಯ ಹಸಿವೆಗಿಂತ ದೊಡ್ಡದಾಗಿತ್ತು. ಪಿಂಗಲಕನೂ ಮೊದಲು ಹೆದರಿಯೇ ಸಂಜೀವಕನಿಗೆ ಗೆಳೆಯನಾದದ್ದು ಎಂಬುದನ್ನು ನೆನೆದರೆ, ಕಥೆ ಕಟ್ಟಿದವರು ಕಾಡನ್ನು ನೋಡದೆ ಕಟ್ಟಿರಲಿಲ್ಲವೆಂದು ತೋರುತ್ತದೆ.

ಈ ರಜೆಯಲ್ಲಿ ಮಕ್ಕಳೊಡನೆ ಆ ಕಡೆಗೆ ಹೋಗುವವರಿಗೆ ಒಂದೆರಡು ಸೂಚನೆ. ಅಜಂತಾ ಸೋಮವಾರ ಮುಚ್ಚಿರುತ್ತದೆ, ಎಲ್ಲೋರ ಮಂಗಳವಾರ. ಹದಿನೇಳನೆಯ ಗುಹೆಯಲ್ಲಿ ಬೆಳಕು ಕಡಿಮೆ; ಕಣ್ಣು ಹೊಂದಿಕೊಳ್ಳುವ ತನಕ ಕಾಯಬೇಕು, ಆಮೇಲೆ ಜಿಂಕೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಒಂದನೆಯ ಗುಹೆಯ ಒಂದು ಕಂಬದ ಬೋದಿಗೆಯಲ್ಲಿ ನಾಲ್ಕು ಜಿಂಕೆಗಳಿಗೆ ಒಂದೇ ತಲೆ ಇಟ್ಟಿದ್ದಾನೆ ಶಿಲ್ಪಿ. ಯಾವ ಮೈಯ ಕಡೆಯಿಂದ ನೋಡಿದರೂ ಆ ತಲೆ ಅದರದೇ ಎನಿಸುತ್ತದೆ. ಮಕ್ಕಳು ಅದನ್ನು ದೊಡ್ಡವರಿಗಿಂತ ಬೇಗ ಕಂಡುಹಿಡಿಯುತ್ತಾರೆ.